ಅವರವರ ಹಿಡಿತಕ್ಕೆ ಅವರವರ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ಕೆಲವು ತಿಂಗಳ ಹಿಂದೆ ನಿಮ್ಮ ಆರೋಗ್ಯ ಪುಟದಲ್ಲಿ ಹ್ಯಾಂಡ್ ಗ್ರಿಪ್ (ಅಂಗೈಯಲ್ಲಿ ಹಿಡಿದು ಅಮುಕುವ ಸ್ಪ್ರಿಂಗ್) ಅಮುಕಿ ಬಿ.ಪಿ. ಇಳಿಸಿಕೊಳ್ಳುವ ಬಗ್ಗೆ ಒಂದು ಬರಹ ಬಂದಿತ್ತು. ಜೊತೆಗೆ ದೊಡ್ಡ ಫೋಟೊ. ಬನಿಯನ್ ಹಾಕಿದ ಯುವಕ ಹಲ್ಲು ಕಚ್ಚಿಕೊಂಡು ಗ್ರಿಪ್ ಅಮುಕುತ್ತಿದ್ದಾನೆ, ಮುಂಗೈ ನರಗಳೆಲ್ಲ ಉಬ್ಬಿವೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, ಎಷ್ಟು ಬಿಗಿಯಾಗಿ ಹಿಡಿದರೆ ಅಷ್ಟು ಒಳ್ಳೆಯದು ಎಂದು ಹಾಕಿದ್ದಿರಿ. ಆ ಒಂದು ಸಾಲಿನಿಂದ ನಮ್ಮ ಬೀದಿಯಲ್ಲಿ ಏನಾಯಿತು ಎಂದು ನಿಮಗೆ ಹೇಳಲೇಬೇಕು ಅನ್ನಿಸಿತು. ಕಾಗದ ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ತಿಪಟೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ 31 ವರ್ಷ ಎಎನ್‌ಎಂ ಆಗಿದ್ದು ನಿವೃತ್ತಳಾದವಳು. ಬಸುರಿ ಬಾಣಂತಿಯರು, ಮಕ್ಕಳ ಚುಚ್ಚುಮದ್ದು, ಕೊನೆಕೊನೆಗೆ ಬಿ.ಪಿ., ಶುಗರ್ ತಪಾಸಣೆ. ಊರವರಿಗೆ ಇವತ್ತಿಗೂ ನಾನು ನರ್ಸಮ್ಮನೇ. ಯಾರಿಗೆ ತಲೆ ಸುತ್ತಿದರೂ ಮೊದಲು ನಮ್ಮ ಜಗಲಿಗೆ ಬಂದು ಕೂರುತ್ತಾರೆ.

ಹಾಗೆ ಒಂದು ಬೆಳಿಗ್ಗೆ ಪಕ್ಕದ ಮನೆ ಅಕ್ಕ ಬಂದರು. ಅವರಿಗೆ 61 ವರ್ಷ. ಎರಡು ಹಸು ಕಟ್ಟಿದ್ದಾರೆ. ಬಿ.ಪಿ. ಮಾತ್ರೆ ಶುರುವಾಗಿ ಆರು ವರ್ಷ. ಹಿಂದಿನ ರಾತ್ರಿಯಿಂದ ತಲೆನೋವು, ಕುತ್ತಿಗೆ ಹಿಂದೆ ಹಿಡಿದ ಹಾಗೆ ಅಂದರು. ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದೆ, 178/104. ಇನ್ನೊಮ್ಮೆ ನೋಡಿದೆ, 176/102. ಮಾತ್ರೆ ತಗೊಂಡ್ರಾ ಅಂತ ಕೇಳಿದರೆ ತಲೆ ತಗ್ಗಿಸಿದರು. ಹನ್ನೆರಡು ದಿನದಿಂದ ಬಿಟ್ಟಿದ್ದರು. ಅವರ ಯಜಮಾನರು ನಿಮ್ಮ ಪತ್ರಿಕೆ ಓದಿ ಹೇಳಿದ್ದಾರೆ, ಜಾತ್ರೆಯಲ್ಲಿ ಕೊಂಡ ಗ್ರಿಪ್ ಮನೆಯಲ್ಲಿ ಬಿದ್ದಿತ್ತು, ಅದನ್ನೇ ಬೆಳಿಗ್ಗೆ ಸಂಜೆ ಹಲ್ಲು ಕಚ್ಚಿ ಅಮುಕಿದ್ದಾರೆ. ಅಮುಕಿದರೆ ಇಳಿಯುತ್ತದೆ ಅಂದ ಮೇಲೆ ಮಾತ್ರೆ ಯಾಕೆ ಎಂದು ಅವರ ಲೆಕ್ಕ.

ಅವತ್ತೇ ಅವರನ್ನು ಆಟೊದಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮಾತ್ರೆ ಮತ್ತೆ ಶುರು ಮಾಡಿಸಿದರು. ದೇವರ ದಯೆ, ಕೈಕಾಲು ಬೀಳಲಿಲ್ಲ. ಮಾತ್ರೆ ಬಿಟ್ಟು ಕೈಕಾಲು ಬಿದ್ದವರನ್ನು, ಬಾಯಿ ಸೊಟ್ಟಗಾದವರನ್ನು ನನ್ನ ಕೆಲಸದಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಅದಕ್ಕೇ ನನಗೆ ಸುಮ್ಮನಿರಲು ಆಗಲಿಲ್ಲ.

ನಿಮ್ಮ ಬರಹದಲ್ಲಿ ಮಾತ್ರೆ ಬಿಡಿ ಅಂತ ಎಲ್ಲೂ ಇರಲಿಲ್ಲ, ನಿಜ. ಬಿಡಬೇಡಿ ಅಂತಲೂ ಇರಲಿಲ್ಲ.

ವಾಪಸು ಬರುವಾಗ ಆಟೊದಲ್ಲಿ ಅಕ್ಕ ಒಂದು ಮಾತು ಕೇಳಿದರು. "ಅಲ್ಲ ನರ್ಸಮ್ಮ, ನಲವತ್ತು ವರ್ಷದಿಂದ ದಿನಾ ಎರಡು ಹೊತ್ತು ಹಾಲು ಕರೀತಾ ಇದೀನಿ. ಅದಕ್ಕಿಂತಾನಾ ಈ ಸ್ಪ್ರಿಂಗು? ಕೈ ಅಮುಕಿದ್ರೆ ಬಿ.ಪಿ. ಇಳಿಯೋದಾದ್ರೆ ನನಗೆ ಬರಲೇಬಾರದಿತ್ತು ಅಲ್ವಾ?"

ಬಹಳ ಒಳ್ಳೆಯ ಪ್ರಶ್ನೆ. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಅವರು ಹಾಲು ಕರೆಯುವಾಗ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹೆಬ್ಬೆರಳು ತೋರುಬೆರಳಲ್ಲಿ ಮೊಲೆಯ ಬುಡ ಹಿಡಿಯುತ್ತಾರೆ, ಉಳಿದ ಬೆರಳು ಒಂದರ ಹಿಂದೆ ಒಂದು ಮುಚ್ಚುತ್ತವೆ, ಹಾಲು ಚೊರ್ ಅಂತ ಬಕೆಟ್ಟಿಗೆ ಬೀಳುತ್ತದೆ, ಅಷ್ಟರಲ್ಲಿ ಕೈ ಸಡಿಲ. ಇನ್ನೊಂದು ಕೈ ಮುಚ್ಚುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ಪ್ರತಿ ಸಲ ಬಿಟ್ಟಾಗ ಬೆರಳಿಗೆ ಮುಂಗೈಗೆ ರಕ್ತ ಓಡುತ್ತದೆ. ಬಟ್ಟೆ ಹಿಂಡುವುದೂ ಹೀಗೆ, ಚಪಾತಿ ಹಿಟ್ಟು ನಾದುವುದೂ ಹೀಗೆ. ಬಿ.ಪಿ.ಗಾಗಿ ಮಾಡುವ ವ್ಯಾಯಾಮ ಬೇರೆಯೇ. ಅಲ್ಲಿ ಹಿಡಿದರೆ ಹಿಡಿದೇ ಇರಬೇಕು, ಪೂರ್ತಿ ಎರಡು ನಿಮಿಷ, ಅಲುಗಾಡದೆ. ಅದೂ ಪೂರ್ತಿ ಬಲ ಹಾಕಿ ಅಲ್ಲ, ತಮ್ಮ ಬಲದಲ್ಲಿ ನೂರಕ್ಕೆ 30 ಪಾಲು ಮಾತ್ರ.

ನಿಮ್ಮ ಬರಹದಲ್ಲಿ ಬಿಟ್ಟುಹೋಗಿದ್ದು ಈ 30ರ ಲೆಕ್ಕ. ನನ್ನ ಕಾಗದವೂ ಮುಖ್ಯವಾಗಿ ಅದರ ಬಗ್ಗೆಯೇ.

ಮೊದಲು ನಾನೇ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿರುವ ಮಗ ನಮಗೂ ಒಂದು ಗ್ರಿಪ್ ಕಳಿಸಿದ್ದ. ಮೇಲೆ 40 ಕೆ.ಜಿ. ಎಂದು ಬರೆದಿದೆ. ನಮ್ಮ ಯಜಮಾನರಿಗೆ 66 ವರ್ಷ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಸ್ಪ್ಯಾನರ್ ಹಿಡಿದು ಹಿಡಿದು ಕೈ ಕಬ್ಬಿಣದ ಹಾಗಿದೆ. ಅವರಿಗೇ ಅದು ಪೂರ್ತಿ ಮುಚ್ಚಲು ಕಷ್ಟ. ನನ್ನ ಕೈಯಲ್ಲಿ ಅರ್ಧ ಕೂಡ ಮುಚ್ಚಲಿಲ್ಲ. ಬಲ ಹಾಕುವಾಗ ಉಸಿರು ತಾನಾಗಿಯೇ ಕಟ್ಟಿತು, ಕಿವಿ ಬಿಸಿಯಾಯಿತು. ಹಬ್ಬಕ್ಕೆ ಬಂದಿದ್ದ ಸೊಸೆ ಇನ್ನೊಂದು ತೋಳಿಗೆ ಡಿಜಿಟಲ್ ಮೆಷಿನ್ ಕಟ್ಟಿದಳು. ಸುಮ್ಮನೆ ಕೂತಾಗ 142 ಇದ್ದದ್ದು, ಅಮುಕಿ ಹಿಡಿದಾಗ 188ಕ್ಕೆ ಹೋಯಿತು. ಅವಳು ಹೆದರಿ "ಬಿಟ್ಬಿಡಿ ಅತ್ತೆ" ಅಂದಳು. ಬಿಟ್ಟೆ. ಬಿಟ್ಟ ಮೇಲೆ ಇಳಿಯಿತು.

ಇದರಲ್ಲಿ ಆಶ್ಚರ್ಯ ಏನಿಲ್ಲ. ಯಾವುದನ್ನೇ ಗಟ್ಟಿಯಾಗಿ ಹಿಡಿದು ನಿಂತರೆ ಆ ಹೊತ್ತಿಗೆ ಬಿ.ಪಿ. ಏರುತ್ತದೆ. ಬಿಗಿಯಾದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುತ್ತದೆ. ರಕ್ತ ಸರಿಯಾಗಿ ಓಡುವುದಿಲ್ಲ, ಕಸ ಅಲ್ಲೇ ನಿಲ್ಲುತ್ತದೆ. ಸ್ನಾಯುವಿನ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೆದುಳು ಒತ್ತಡ ಏರಿಸಿ ರಕ್ತ ನುಗ್ಗಿಸಲು ನೋಡುತ್ತದೆ. 1937ರಲ್ಲೇ ಅಲಾಮ್ ಮತ್ತು ಸ್ಮರ್ಕ್ ಎಂಬ ಇಬ್ಬರು ಇದನ್ನು ತೋರಿಸಿಕೊಟ್ಟಿದ್ದಾರೆ. ಕೈಗೆ ಪಟ್ಟಿ ಬಿಗಿದು ರಕ್ತದ ಓಡಾಟ ನಿಲ್ಲಿಸಿ, ಆ ಕೈಯಿಂದ ಕೆಲಸ ಮಾಡಿಸಿದರು. ಕೆಲಸ ನಿಲ್ಲಿಸಿದ ಮೇಲೂ, ಪಟ್ಟಿ ಬಿಚ್ಚುವ ತನಕ ಬಿ.ಪಿ. ಪೂರ್ತಿ ಇಳಿಯಲಿಲ್ಲ.

ಹಿಡಿದಾಗ ಏರುವ ಈ ಒತ್ತಡ, ವಾರಗಟ್ಟಲೆ ಅಭ್ಯಾಸ ಮಾಡಿದರೆ ಸುಮ್ಮನೆ ಕೂತಾಗಿನ ಒತ್ತಡವನ್ನು ಇಳಿಸುತ್ತದೆ. ಕೇಳಲು ವಿಚಿತ್ರ ಅನ್ನಿಸುತ್ತದೆ. ಬಿಟ್ಟ ತಕ್ಷಣ ಆ ಕೈಗೆ ರಕ್ತ ಒಮ್ಮೆಲೇ ನುಗ್ಗುತ್ತದೆ. ಆಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬುದನ್ನು ಬಿಡುತ್ತದೆ, ಅದು ನಾಳವನ್ನು ಸಡಿಲ ಮಾಡುತ್ತದೆ. ಮತ್ತೆ ಮತ್ತೆ ಹೀಗಾದರೆ ನಾಳ ಹಿಗ್ಗುವುದನ್ನು ಕಲಿಯುತ್ತದೆ ಎನ್ನುತ್ತಾರೆ. ಆದರೆ ಅದಕ್ಕೆ ಹಿತವಾದ ಹಿಡಿತ ಸಾಕು. ಜಾಸ್ತಿ ಬಲ ಹಾಕಿದರೆ ಎರಡು ನಿಮಿಷ ಹಿಡಿಯಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ, ಒತ್ತಡ ಎಲ್ಲಿಗೋ ಹೋಗುತ್ತದೆ. ಕೆನಡಾದಲ್ಲಿ 1985ರಲ್ಲಿ ಭಾರ ಎತ್ತುವ ಪೈಲ್ವಾನರ ರಕ್ತನಾಳಕ್ಕೇ ನಳಿಗೆ ಇಟ್ಟು ಅಳೆದಾಗ, ಉಸಿರು ಕಟ್ಟಿ ಎರಡು ಕಾಲಿಂದ ಭಾರ ತಳ್ಳುವ ಹೊತ್ತಿಗೆ ಮೇಲಿನ ಅಂಕಿ 300 ದಾಟಿತ್ತು. ಗಟ್ಟಿಮುಟ್ಟಾದ ಹುಡುಗರು ತಡೆದುಕೊಂಡರು. ನಮ್ಮ ಅಕ್ಕನ ವಯಸ್ಸಿನವರಿಗೆ ಅದು ಆಟವಲ್ಲ.

ಈ ವ್ಯಾಯಾಮ ಶುರುವಾದ ಕಥೆಯೂ ಚೆನ್ನಾಗಿದೆ. ಅಮೆರಿಕದಲ್ಲಿ ರೊನಾಲ್ಡ್ ವೈಲಿ ಎಂಬ ಸಂಶೋಧಕರು ಯುದ್ಧವಿಮಾನದ ಪೈಲಟ್‌ಗಳಿಗಾಗಿ ಕೆಲಸ ಮಾಡುತ್ತಿದ್ದರು. ವಿಮಾನ ಜೋರಾಗಿ ತಿರುಗುವಾಗ ತಲೆಯ ರಕ್ತ ಕೆಳಗಿಳಿದು ಪೈಲಟ್ ಎಚ್ಚರ ತಪ್ಪುವುದುಂಟು. ಹಿಡಿ ಅಮುಕಿ ಬಿ.ಪಿ. ಏರಿಸಿಕೊಂಡರೆ ಎಚ್ಚರ ಉಳಿಯುತ್ತದೆಯೇ ಎಂಬುದು ಅವರ ಯೋಚನೆ. ಆದರೆ ಅಭ್ಯಾಸ ಮಾಡಿದವರಲ್ಲಿ ಸುಮ್ಮನಿದ್ದಾಗಿನ ಬಿ.ಪಿ. ಇಳಿದಿತ್ತು. 1992ರಲ್ಲಿ ಅವರು ಪ್ರಕಟಿಸಿದ ವಿಧಾನವೇ ಹೆಚ್ಚುಕಡಿಮೆ ಇವತ್ತಿಗೂ ನಡೆಯುತ್ತಿದೆ. ಬಲದ 30 ಪಾಲು, ಎರಡೆರಡು ನಿಮಿಷದಂತೆ ನಾಲ್ಕು ಸಲ, ನಡುವೆ ವಿರಾಮ, ವಾರಕ್ಕೆ ಮೂರು ದಿನ, ಎಂಟರಿಂದ ಹತ್ತು ವಾರ. 2013ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಇದನ್ನು ಪಟ್ಟಿಗೆ ಸೇರಿಸಿತು, ಮಾಡಿ ನೋಡಬಹುದು ಎನ್ನುವಷ್ಟರ ಮಟ್ಟಿಗೆ. 2017ರ ಅವರ ಮಾರ್ಗಸೂಚಿಯಲ್ಲಿ, ಬಿ.ಪಿ. ಇರುವವರಿಗೆ ಮೇಲಿನ ಅಂಕಿ ಸುಮಾರು 5 ಪಾಯಿಂಟ್ ಇಳಿಯಬಹುದು ಎಂದಿದೆ. ಐದು ಅಂದರೆ ಕಡಿಮೆಯಲ್ಲ. ಆದರೆ 178 ಇರುವವರಿಗೆ ಐದು ಇಳಿದರೆ 173. ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ, ಮಾತ್ರೆಯ ಜೊತೆಗೆ ಬರಬಹುದು. ಇದನ್ನು ನಿಮ್ಮ ಬರಹದ ಮೊದಲ ಸಾಲಲ್ಲೇ ಹೇಳಬೇಕಿತ್ತು.

ಈಗ ಗಂಡಸರು ಹೆಂಗಸರ ವಿಷಯ. ನಿಮ್ಮ ಫೋಟೊ ನೋಡಿದರೆ ಇದು ಗಂಡಸರ ವ್ಯಾಯಾಮ ಅಂದುಕೊಳ್ಳುವ ಹಾಗಿದೆ. ಅಂಗಡಿಯಲ್ಲಿ ಸಿಗುವ ಗ್ರಿಪ್‌ಗಳೂ ಗಂಡಸರ ಕೈಗೇ ಮಾಡಿದ ಹಾಗಿವೆ. ಹೆಂಗಸರ ಹಿಡಿತದ ಬಲ ಸಾಮಾನ್ಯವಾಗಿ ಅದೇ ವಯಸ್ಸಿನ ಗಂಡಸರ ಬಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೇ ಸ್ಪ್ರಿಂಗನ್ನು ಇಬ್ಬರಿಗೂ ಕೊಟ್ಟರೆ ಗಂಡಸಿಗೆ ಅದು ಅರ್ಧ ಬಲ, ಹೆಂಗಸಿಗೆ ಪೂರ್ತಿ ಬಲ. ಆದರೆ ಅವರವರ ಬಲದ 30 ಪಾಲು ಎಂದು ಲೆಕ್ಕ ಹಾಕಿದರೆ ಮಾತು ಬದಲಾಗುತ್ತದೆ. 2016ರಲ್ಲಿ ಕೆನಡಾದ ವಿಂಡ್ಸರ್‌ನಲ್ಲಿ ಯುವಕರಿಗೂ ಯುವತಿಯರಿಗೂ ಹೀಗೆ ಅವರವರ ಲೆಕ್ಕದಲ್ಲಿ ವ್ಯಾಯಾಮ ಮಾಡಿಸಿ ನೋಡಿದರು. ಬಿ.ಪಿ. ಇಳಿದದ್ದು ಇಬ್ಬರಲ್ಲೂ ಒಂದೇ ಸಮ. ತೋಳಿನ ರಕ್ತನಾಳ ಹಿಗ್ಗುವ ಗುಣವೂ ಇಬ್ಬರಲ್ಲೂ ಒಂದೇ ರೀತಿ ಚೆನ್ನಾಯಿತು.

ವ್ಯತ್ಯಾಸ ಇರುವುದು ಹಿಡಿದಿರುವ ಹೊತ್ತಿನಲ್ಲಿ. ತಮ್ಮ ಬಲದ ಅಷ್ಟೇ ಪಾಲು ಹಿಡಿದರೂ, ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಬಿ.ಪಿ. ಗಂಡಸರಷ್ಟು ಏರುವುದಿಲ್ಲ. ಅವರು ಜಾಸ್ತಿ ಹೊತ್ತು ಹಿಡಿಯಲೂ ಬಲ್ಲರು, ಬೇಗ ಸೋಲುವುದಿಲ್ಲ. ಸ್ನಾಯು ಚಿಕ್ಕದಾದ್ದರಿಂದ ಒಳಗಿನ ರಕ್ತನಾಳಗಳನ್ನು ಅಷ್ಟಾಗಿ ಅದುಮುವುದಿಲ್ಲ ಎಂಬುದು ಒಂದು ಕಾರಣ. ಮುಟ್ಟು ನಿಂತ ಮೇಲೆ ಆ ಅನುಕೂಲ ಕಡಿಮೆಯಾಗುತ್ತದೆ, ನಮ್ಮ ಬಿ.ಪಿ.ಯೂ ಗಂಡಸರ ಹಾಗೇ ಜಿಗಿಯತೊಡಗುತ್ತದೆ. ಐವತ್ತರ ಒಳಗೆ ಬಿ.ಪಿ. ಅಂದರೆ ಗಂಡಸರ ಕಾಯಿಲೆ ಎನ್ನುವಂತಿರುತ್ತದೆ, ಅರವತ್ತಾಗುವ ಹೊತ್ತಿಗೆ ಹೆಂಗಸರು ಸಮಕ್ಕೆ ಬಂದುಬಿಟ್ಟಿರುತ್ತಾರೆ. ಆದರೆ ಆ ವಯಸ್ಸಿನ ಹೆಂಗಸರ ಫೋಟೊ ನಿಮ್ಮ ಆರೋಗ್ಯ ಪುಟದಲ್ಲಿ ನಾನು ನೋಡಿಲ್ಲ. ಉಪಕೇಂದ್ರದಲ್ಲಿ ನನಗೂ ಇದೇ ಅನುಭವ. ಬಸುರಿಯ ಬಿ.ಪಿ. ತಪ್ಪದೆ ನೋಡುತ್ತಿದ್ದೆವು. ಅದೇ ಹೆಂಗಸು ಐವತ್ತೈದಕ್ಕೆ ಬಂದರೆ "ನನಗೇನಾಗಿದೆ, ನಮ್ಮ ಯಜಮಾನ್ರಿಗೆ ನೋಡಿ" ಅಂತ ಹಿಂದೆ ಸರಿಯುತ್ತಿದ್ದಳು.

30 ಪಾಲು ಅಂದರೆ ಎಷ್ಟು ಎಂದು ಮನೆಯಲ್ಲಿ ಕಂಡುಹಿಡಿಯುವುದು ಹೇಗೆ? ಆಸ್ಪತ್ರೆಗಳಲ್ಲಿ, ಪ್ರಯೋಗಗಳಲ್ಲಿ ಹಿಡಿತ ಅಳೆಯುವ ಯಂತ್ರ ಇರುತ್ತದೆ. ನಮ್ಮ ಹತ್ತಿರ ಇದ್ದದ್ದು ನನ್ನ ಹಳೇ ಬಿ.ಪಿ. ಮೆಷಿನ್ನು, ಕೈಯಲ್ಲಿ ಗಾಳಿ ಒತ್ತುವುದು, ಗಡಿಯಾರದ ಹಾಗೆ ಮುಳ್ಳು ಇರುವುದು. ಅದರಲ್ಲೇ ಆಗುತ್ತದೆ, ಹೀಗೆ ಅಳೆಯುವ ರೂಢಿ ಹಿಂದಿನಿಂದಲೂ ಇದೆ. ತೋಳಿಗೆ ಕಟ್ಟುವ ಪಟ್ಟಿಯನ್ನು ಮಡಚಿ, ಸುರುಳಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿದೆ. ತಿರುಪು ಬಿಗಿ ಮಾಡಿ ಮುಳ್ಳು 20ಕ್ಕೆ ಬರುವಷ್ಟು ಗಾಳಿ ಒತ್ತಿದೆ. ಸುರುಳಿ ಆಗ ಒಂದು ದಪ್ಪ ಬಾಳೆಹಣ್ಣಿನಷ್ಟು ಇರುತ್ತದೆ, ಹಿಡಿಗೆ ಸರಿಯಾಗಿ. ಮೊಣಕೈ ಮಡಚಿ ಮೈಗೆ ಒರಗಿಸಿಕೊಂಡು, ಉಸಿರು ಬಿಡುತ್ತಾ, ಮೂರು ಸೆಕೆಂಡು ಮಾತ್ರ ಪೂರ್ತಿ ಬಲದಿಂದ ಹಿಚುಕಿದೆ. ಮುಳ್ಳು 140ಕ್ಕೆ ಹೋಯಿತು. ಅಂದರೆ ನನ್ನ ಬಲ 20ರಿಂದ 140, ಒಟ್ಟು 120. ಅದರ 30 ಪಾಲು 36. ಮೊದಲೇ ಇದ್ದ 20 ಸೇರಿಸಿದರೆ 56. ಮುಳ್ಳನ್ನು 56ರಲ್ಲಿ ನಿಲ್ಲಿಸಿಕೊಂಡರೆ ಆಯಿತು. ನಮ್ಮ ಯಜಮಾನರದ್ದು 220ಕ್ಕೆ ಹೋಯಿತು. ಅವರ ಲೆಕ್ಕ 80. ಇದು ಅಂದಾಜಿನ ಅಳತೆ, ಆದರೆ ಅಂಗಡಿಯ ಸ್ಪ್ರಿಂಗಿಗಿಂತ ಸಾವಿರ ಪಾಲು ವಾಸಿ. ಡಿಜಿಟಲ್ ಮೆಷಿನ್ನಿನಲ್ಲಿ ಮಾತ್ರ ಹೀಗೆ ಮಾಡಬೇಡಿ, ಕೆಟ್ಟುಹೋಗುತ್ತದೆ. ಬಿ.ಪಿ. ತುಂಬಾ ಜಾಸ್ತಿ ಇರುವವರು ಪೂರ್ತಿ ಬಲದ ಈ ಪರೀಕ್ಷೆಯನ್ನೂ ಮಾಡಬಾರದು, ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಗುರುತಿಗೆ ಮುಳ್ಳಿನ ಗಾಜಿನ ಮೇಲೆ ನನ್ನ ಹಣೆಯ ಸ್ಟಿಕ್ಕರ್ ಅಂಟಿಸಿದೆ. 56ಕ್ಕೆ ಕೆಂಪು, 80ಕ್ಕೆ ಹಸಿರು.

ಮೊದಲ ದಿನ ಕೂತಾಗ ಇದೇನು ಇಷ್ಟು ಸುಲಭ ಅನ್ನಿಸಿತು. ಅರ್ಧ ನಿಮಿಷ ಏನೂ ಗೊತ್ತಾಗುವುದಿಲ್ಲ. ಒಂದು ನಿಮಿಷಕ್ಕೆ ಮುಂಗೈ ಬಿಸಿಯಾಗುತ್ತದೆ. ಆಮೇಲೆ ಮುಳ್ಳು ನಮಗೇ ತಿಳಿಯದ ಹಾಗೆ ಕೆಳಗೆ ಜಾರುತ್ತದೆ, 52, 50, 48. ಮತ್ತೆ ಕೆಂಪು ಸ್ಟಿಕ್ಕರಿನ ತನಕ ಎಳೆದು ತರಬೇಕು. ಕೊನೆಯ ಇಪ್ಪತ್ತು ಸೆಕೆಂಡು ಕಿರುಬೆರಳು ನಡುಗುತ್ತದೆ. ಬಿಟ್ಟ ಮೇಲೆ ಅಂಗೈ ಕೆಂಪಾಗಿ, ಬೆಚ್ಚಗೆ, ತುಂಬಿಕೊಂಡ ಹಾಗಿರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಂದು ಕೈ. ಹೀಗೆ ಬಲ, ಎಡ, ಬಲ, ಎಡ. ಎಲ್ಲ ಸೇರಿ ಹನ್ನೊಂದು ನಿಮಿಷ.

ಉಸಿರು ಕಟ್ಟದ ಹಾಗೆ ನೋಡಿಕೊಳ್ಳುವುದೇ ಇದರಲ್ಲಿ ಕಷ್ಟ. ಅದಕ್ಕೆ ನಮ್ಮ ಯಜಮಾನರು ಒಂದು ದಾರಿ ಕಂಡುಕೊಂಡರು. ಹಿಡಿದಾಗಿನಿಂದ ಬಸ್ಸಿನ ನಿಲ್ದಾಣಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋಗುತ್ತಾರೆ. ತಿಪಟೂರು, ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು, ದಾಬಸ್‌ಪೇಟೆ, ನೆಲಮಂಗಲ. ಬಾಯಿ ಮಾತಾಡುತ್ತಿದ್ದರೆ ಉಸಿರು ಹೇಗೆ ಕಟ್ಟುತ್ತದೆ? ಬೆಂಗಳೂರು ಮುಟ್ಟಿ ಮತ್ತೆ ವಾಪಸು ಹೊರಡುವ ಹೊತ್ತಿಗೆ ಎರಡು ನಿಮಿಷ ಹತ್ತಿರ ಬಂದಿರುತ್ತದೆ. ನಾನು ಅಂಕಿ ಎಣಿಸುತ್ತೇನೆ.

ಹತ್ತು ವಾರ ಮಾಡಿದೆವು, ಇಬ್ಬರೂ ನಮ್ಮ ನಮ್ಮ ಮಾತ್ರೆ ಬಿಡದೆ. ಶುರು ಮಾಡುವ ಮುಂಚೆ ಏಳು ದಿನ ಬೆಳಿಗ್ಗೆ ಅಳೆದು ಸರಾಸರಿ ಬರೆದಿಟ್ಟಿದ್ದೆ. ನನ್ನದು 143/86 ಇದ್ದದ್ದು 137/83ಕ್ಕೆ ಬಂತು. ಅವರದ್ದು 146/84 ಇದ್ದದ್ದು 142/82. ಇದು ಒಂದು ಮನೆಯ ಕಥೆ, ಇದರಿಂದ ಏನೂ ಸಾಬೀತಾಗುವುದಿಲ್ಲ. ಅದೇ ಹೊತ್ತಿಗೆ ನಾವು ಉಪ್ಪಿನಕಾಯಿ, ಹಪ್ಪಳವನ್ನೂ ಕಡಿಮೆ ಮಾಡಿದ್ದೆವು. ಯಾವುದರಿಂದ ಎಷ್ಟು ಇಳಿಯಿತು ಅಂತ ಬೇರೆ ಮಾಡಿ ಹೇಳಲು ನನಗಾಗದು.

ನಿಮ್ಮ ಬರಹದಲ್ಲಿ ಇನ್ನೊಂದು ಕಲಬೆರಕೆ ಆಗಿತ್ತು. ಹಿಡಿತ ಗಟ್ಟಿ ಇದ್ದವರು ಜಾಸ್ತಿ ವರ್ಷ ಬದುಕುತ್ತಾರೆ, ಆದ್ದರಿಂದ ಗ್ರಿಪ್ ಅಮುಕಿ ಎಂದು ಬರೆದಿದ್ದರು. ಮೊದಲನೇ ಮಾತಿಗೆ ಆಧಾರ ಇದೆ. 2015ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಲ್ಲಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತ ಅಳೆದಿದ್ದರು, ನಮ್ಮ ದೇಶದವರೂ ಇದ್ದರು. ಆ ಅಧ್ಯಯನದ ಮುಂದಾಳು ಸಲೀಂ ಯೂಸುಫ್ ಅವರು ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಹಿಡಿತ 5 ಕೆ.ಜಿ. ಕಡಿಮೆ ಇದ್ದರೆ ಸಾವಿನ ಅಪಾಯ ನೂರಕ್ಕೆ 16ರಷ್ಟು ಜಾಸ್ತಿ ಎಂದು ಅವರು ಕಂಡರು. ಆದರೆ ಅಲ್ಲಿ ಹಿಡಿತ ಎನ್ನುವುದು ಒಂದು ಗುರುತು. ಮೈಯಲ್ಲಿ ಕಸುವು ಎಷ್ಟಿದೆ, ಊಟ ಹೇಗಿದೆ, ಕಾಯಿಲೆ ಏನಿದೆ ಎಂಬುದೆಲ್ಲ ಆ ಹಿಡಿಯಲ್ಲಿ ಕಾಣುತ್ತದೆ. ತೆಂಗಿನ ಗರಿ ಒಣಗಿದರೆ ಬೇರಿಗೆ ಏನೋ ಆಗಿದೆ ಎಂದು ತಿಳಿಯುತ್ತೇವೆ. ಗರಿಗೆ ನೀರು ಚಿಮುಕಿಸಿದರೆ ಬೇರು ಸರಿಹೋಗುವುದಿಲ್ಲ. ಬಲ ಅಳೆಯುವ ಆ ಅಧ್ಯಯನವೂ, 30 ಪಾಲಿನಲ್ಲಿ ಹಿಡಿದು ಕೂರುವ ಈ ವ್ಯಾಯಾಮವೂ ಎರಡು ಬೇರೆ ವಿಷಯ. ನಮ್ಮ ಪಕ್ಕದ ಮನೆ ಅಕ್ಕನೇ ಇದಕ್ಕೆ ಸಾಕ್ಷಿ. ಅದೇ ಸುರುಳಿಯನ್ನು ಅವರು ಈಚೆಗೆ ಹಿಚುಕಿದಾಗ ಮುಳ್ಳು 190ಕ್ಕೆ ಹೋಯಿತು, ನನಗಿಂತ ಎಷ್ಟೋ ಜಾಸ್ತಿ. ಬಿ.ಪಿ.ಯೂ ಅವರಿಗೇ ಜಾಸ್ತಿ.

2023ರಲ್ಲಿ ಬಂದ ಒಂದು ದೊಡ್ಡ ಲೆಕ್ಕಾಚಾರದ ಬಗ್ಗೆಯೂ ಕೆಲವರು ಹೇಳುತ್ತಾರೆ. 270 ಪ್ರಯೋಗ, 15,827 ಜನ, ಎಲ್ಲ ಒಟ್ಟು ಸೇರಿಸಿ ನೋಡಿದ್ದು. ನಡಿಗೆ, ಓಟ, ಸೈಕಲ್ಲಿಗಿಂತ ಹೀಗೆ ಹಿಡಿದು ನಿಲ್ಲುವ ವ್ಯಾಯಾಮಗಳಿಂದಲೇ ಬಿ.ಪಿ. ಜಾಸ್ತಿ ಇಳಿಯಿತು, ಮೇಲಿನ ಅಂಕಿ ಸರಾಸರಿ 8 ಪಾಯಿಂಟ್. ನಿಜ. ಆದರೆ ಅದರಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯ ಹಾಗೆ ಕೂರುವ ವ್ಯಾಯಾಮ, ಹಿಡಿ ಅಮುಕುವುದಲ್ಲ. ಮಂಡಿನೋವಿನ ನಮ್ಮಂಥವರಿಗೆ ಅದು ಆಗುವುದಿಲ್ಲ. ಹಾಗಂತ ನಡಿಗೆ ಬಿಡಬೇಡಿ. ಶುಗರ್‌ಗೆ, ತೂಕಕ್ಕೆ, ಮನಸ್ಸಿಗೆ ನಡಿಗೆ ಮಾಡುವ ಉಪಕಾರ ಈ ಹನ್ನೊಂದು ನಿಮಿಷ ಮಾಡುವುದಿಲ್ಲ.

ಬಿ.ಪಿ. ಅಳೆಯುವ ಬಗ್ಗೆ ಎರಡು ಮಾತು ಹೇಳದೆ ಇರಲಾರೆ, ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆದಿದೆ. ಅಮುಕಿದ ಕೂಡಲೇ ನೋಡಿ ಇಳಿದಿದೆ, ಏರಿದೆ ಅನ್ನಬಾರದು. ಬೆಳಿಗ್ಗೆ ಕಾಫಿಗೆ ಮುಂಚೆ, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂತು ನೋಡಬೇಕು. ತೋಳು ಎದೆಯ ಮಟ್ಟಕ್ಕಿರಬೇಕು. ಹೆಂಗಸರ ವಿಷಯದಲ್ಲಿ ನಾನು ನೋಡಿದ ದೊಡ್ಡ ತಪ್ಪು ರವಿಕೆ ತೋಳಿನದು. ಬಿಗಿಯಾದ ತೋಳನ್ನು ಮೇಲಕ್ಕೆ ಸರಿಸಿ, ಅದು ಹಗ್ಗದ ಹಾಗೆ ಒತ್ತುತ್ತಿದ್ದರೂ ಕೆಳಗೆ ಪಟ್ಟಿ ಕಟ್ಟಿಬಿಡುತ್ತಾರೆ. ಇಲ್ಲವೇ ಸ್ವೆಟರ್ ಮೇಲೆಯೇ ಕಟ್ಟುತ್ತಾರೆ. ಎರಡೂ ಸುಳ್ಳು ಅಂಕಿ ಕೊಡುತ್ತವೆ. ಒಂದು ಪರದೆ ಎಳೆದು, ಸಡಿಲ ತೋಳಿನ ಒಂದು ಅಂಗಿ ಇಟ್ಟರೆ ಸಾಕು. ನಾನು ನನ್ನ ಕೇಂದ್ರದಲ್ಲಿ ನನ್ನದೇ ಒಂದು ಹಳೇ ನೈಟಿ ಇಟ್ಟಿದ್ದೆ.

ಮನೆಯಲ್ಲಿ ಸರಾಸರಿ 135/85ಕ್ಕಿಂತ ಜಾಸ್ತಿ ಇದ್ದರೆ ತೋರಿಸಿಕೊಳ್ಳಬೇಕು. 180/110 ಹತ್ತಿರ ಇದ್ದರೆ, ಈಚೆಗೆ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆಗಿದ್ದರೆ, ಕಣ್ಣಿನ ಪರದೆಯ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಗ್ರಿಪ್ ಮುಟ್ಟಬಾರದು. ರಾತ್ರಿ ಬೆರಳು ಜೋಮು ಹಿಡಿಯುವವರು, ಗಂಟು ನೋವಿನವರು, ಇವರಲ್ಲಿ ಹೆಂಗಸರೇ ಜಾಸ್ತಿ, ಅವರೂ ಕೇಳಿಯೇ ಮಾಡಬೇಕು.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ದೊಡ್ಡವರಲ್ಲಿ ನೂರಕ್ಕೆ 35 ಜನರಿಗೆ ಬಿ.ಪಿ. ಇದೆ. ನಿಮ್ಮ ಪತ್ರಿಕೆ ಓದುವ ಮನೆಗಳಲ್ಲಿ ಬಿ.ಪಿ. ಇರುವ ಒಬ್ಬರಾದರೂ ಇಲ್ಲದ ಮನೆ ಸಿಗುವುದು ಕಷ್ಟ. ಹಾಗಾಗಿ ಆರೋಗ್ಯ ಪುಟದ ಒಂದು ಸಾಲಿಗೆ ಡಾಕ್ಟರ ಚೀಟಿಯಷ್ಟೇ ತೂಕ ಬಂದುಬಿಡುತ್ತದೆ. ನಮ್ಮ ಅಕ್ಕನ ಯಜಮಾನರಿಗೆ ಆ ಪುಟ ಅಂದರೆ ಅಷ್ಟು ನಂಬಿಕೆ. ಆ ಬರಹದ ಕೊರತೆ ತುಂಬಿ ಇನ್ನೊಂದು ಬರಹ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಮಾತ್ರೆ ಬಿಡಬಾರದು ಎನ್ನುವುದೂ, ಅವರವರ ಬಲದ 30 ಪಾಲು ಎನ್ನುವುದೂ ದಪ್ಪ ಅಕ್ಷರದಲ್ಲೇ ಇರಲಿ.

ಪಕ್ಕದ ಮನೆ ಅಕ್ಕ ಈಗ ಮಾತ್ರೆ ಬಿಟ್ಟಿಲ್ಲ. ಬಿ.ಪಿ. ಹಿಡಿತಕ್ಕೆ ಬಂದ ಮೇಲೆ, ಡಾಕ್ಟರು ಮಾಡಬಹುದು ಅಂದ ಮೇಲೆ, ಅವರನ್ನೂ ಸೇರಿಸಿಕೊಂಡಿದ್ದೇವೆ. ಅವರ ಲೆಕ್ಕ 71. ಅಲ್ಲಿಗೆ ಅವರದೇ ಹಣೆಯ ಮೆರೂನ್ ಸ್ಟಿಕ್ಕರ್ ಅಂಟಿಸಿಕೊಂಡಿದ್ದಾರೆ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಮೂವರೂ ನಮ್ಮ ಜಗಲಿಯಲ್ಲಿ ಕೂರುತ್ತೇವೆ. ಹೊಸ ಬರಹಕ್ಕೆ ಫೋಟೊ ಬೇಕಾದರೆ ನಿಮ್ಮವರನ್ನು ಯಾರನ್ನಾದರೂ ಕಳಿಸಿ, ಅಕ್ಕ ಒಪ್ಪಿದ್ದಾರೆ. ಆರೂವರೆ ಮೇಲೆ ಬರಲಿ. ಅಷ್ಟು ಹೊತ್ತಿಗೆ ಅವರು ಡೈರಿಗೆ ಹಾಲು ಹಾಕಿ ಬಂದಿರುತ್ತಾರೆ.

ಇತಿ,
ಒಬ್ಬ ನಿವೃತ್ತ ಎಎನ್‌ಎಂ
ತಿಪಟೂರು ತಾಲ್ಲೂಕು